ಇರ್ಫಾನ್‌ವ್ಯೂ: ಒಂದು ಫೋಲ್ಡರ್ ಮುಗಿದ ಮೇಲೂ ನಿಲ್ಲದ ಸ್ಪೇಸ್ ಬಾರ್

ಇಡೀ ರಾತ್ರಿಯ ಯಕ್ಷಗಾನದ ಫೋಟೊ ತೆಗೆಯುವವರಿಗೆಲ್ಲ ಈ ತಾಪತ್ರಯ ಗೊತ್ತುಂಟು. ಚೌಕಿಯಲ್ಲಿ ಬಣ್ಣ ಹಚ್ಚುವಲ್ಲಿಂದ ಬೆಳಗಿನ ಮಂಗಳದವರೆಗೆ ಅದು ಒಂದೇ ಆಟ. ಆದರೆ ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಸುವ ಸಾಫ್ಟ್‌ವೇರ್ ತಾರೀಕು ನೋಡಿ ಫೋಲ್ಡರ್ ಮಾಡುವುದಾದರೆ, ಹನ್ನೆರಡು ಗಂಟೆ ದಾಟಿದ ಕೂಡಲೇ ಆಟ ಎರಡು ತುಂಡು. ಒಡ್ಡೋಲಗ ಒಂದು ಫೋಲ್ಡರಿನಲ್ಲಿ, ಯುದ್ಧ ಇನ್ನೊಂದರಲ್ಲಿ. ಕಂಬಳದ ಫೋಟೊಗಳಿಗೂ ಇದೇ ಗತಿ. ಮಧ್ಯರಾತ್ರಿಯೊಳಗೆ ಮುಗಿಯುವ ಕಾಲಮಿತಿ ಆಟಕ್ಕೆ ಮಾತ್ರ ಈ ರಗಳೆ ಇಲ್ಲ.

ಫೋಟೊ ನೋಡಲು ಬಳಸುವ ಎಷ್ಟೋ ಸಾಫ್ಟ್‌ವೇರ್‌ಗಳು, ಅಂದರೆ ವ್ಯೂವರ್‌ಗಳು, ಮೊದಲನೇ ಫೋಲ್ಡರಿನ ಕೊನೇ ಫೋಟೊದಲ್ಲಿ ನಿಂತುಬಿಡುತ್ತವೆ, ಇಲ್ಲವೇ ತಿರುಗಿ ಒಂದನೇ ಫೋಟೊವನ್ನೇ ತೋರಿಸುತ್ತವೆ. ಅದನ್ನು ಮುಚ್ಚಬೇಕು, ಒಂದು ಮೆಟ್ಟಿಲು ಮೇಲೆ ಹೋಗಬೇಕು, ಮುಂದಿನ ಫೋಲ್ಡರ್ ಹುಡುಕಿ ಅದರ ಮೊದಲನೇ ಫೋಟೊದ ಮೇಲೆ ಮತ್ತೆ ಎರಡು ಸಲ ಕ್ಲಿಕ್ ಮಾಡಬೇಕು. ಒಂದೆರಡು ಫೋಲ್ಡರಿಗೆ ಇದು ಏನೂ ಅಲ್ಲ. ಹನ್ನೆರಡು ಫೋಲ್ಡರುಗಳ ಮದುವೆಯನ್ನು ಆಲ್ಬಮ್‌ಗೆ ಆರಿಸಲು ಕೂತವರಿಗೆ ಇದೇ ದೊಡ್ಡ ಕಿರಿಕಿರಿ. ಒಂದು ಫೋಟೊದ ಪಕ್ಕ ಇನ್ನೊಂದನ್ನು ನೆನಪಿನಲ್ಲಿಟ್ಟು ಹೋಲಿಸುವ ಕೆಲಸ ಇದು, ನಡುವೆ ಕೈ ಮೌಸಿಗೆ ಹೋದರೆ ಲಯ ತಪ್ಪುತ್ತದೆ.

ಇರ್ಫಾನ್‌ವ್ಯೂ ವಿಂಡೋಸಿನಲ್ಲಿ ಫೋಟೊ ನೋಡಲು 1996ರಿಂದ ಇರುವ ಸಾಫ್ಟ್‌ವೇರ್. ನೋಡಲು ಇವತ್ತಿಗೂ ಹಳೇ ಕಾಲದ್ದರ ಹಾಗೆಯೇ ಉಂಟು, ಅದರಿಂದ ಕೆಲಸಕ್ಕೇನೂ ಬಾಧೆ ಇಲ್ಲ. ವರ್ಷಗಟ್ಟಲೆ ಬಳಸಿದ ಮೇಲೂ ಇದನ್ನು ಬಿಡಲಾಗದಂತೆ ಹಿಡಿದಿಟ್ಟಿರುವುದು ಒಂದೇ ಒಂದು ಆಯ್ಕೆ. ಪಿ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ಬ್ರೌಸಿಂಗ್‌ಗೆ ಸಂಬಂಧಪಟ್ಟ ಆಯ್ಕೆಗಳ ನಡುವೆ, ಫೋಲ್ಡರಿನ ಕೊನೇ ಫೈಲ್ ಮುಗಿದಾಗ ಏನು ಮಾಡಬೇಕು ಎಂದು ಹೇಳಲು ಜಾಗ ಉಂಟು. ಅದೇ ಫೋಲ್ಡರಿನಲ್ಲಿ ಸುತ್ತುವ ಬದಲು ಮುಂದಿನ ಫೋಲ್ಡರಿಗೆ ಹೋಗುವಂತೆ ಬದಲಾಯಿಸಿ ಓಕೆ ಕೊಟ್ಟರೆ ಮುಗಿಯಿತು. 17ನೇ ತಾರೀಕಿನ ಕೊನೇ ಫೋಟೊದ ಮೇಲೆ ಸ್ಪೇಸ್ ಬಾರ್ ಒತ್ತಿದರೆ 18ರ ಮೊದಲನೇ ಫೋಟೊ ಬರುತ್ತದೆ. ಉಡುಪಿ ಕೃಷ್ಣ ಮಠದ ಪೂಜೆಯ ಹೊಣೆ ಕೈಬದಲಾಗುವ ಉತ್ಸವ, 2024ರ ಜನವರಿಯ ಪುತ್ತಿಗೆ ಪರ್ಯಾಯದಂಥ ರಾತ್ರಿಯ ಫೋಟೊಗಳನ್ನು, 17ರ ರಾತ್ರಿಯ ಕಾರ್ಯಕ್ರಮಗಳಿಂದ 18ರ ನಸುಕಿನ ಜೋಡುಕಟ್ಟೆ ಮೆರವಣಿಗೆಯವರೆಗೆ, ಒಂದೇ ಹರಿವಿನಲ್ಲಿ ನೋಡಿ ಮುಗಿಸಬಹುದು. ಈ ಸುಖ ಅನುಭವಿಸಿದವರಿಗೇ ಗೊತ್ತು ಮಾರಾಯ್ರೆ.

ಕೀಲಿಗಳ ಬಗ್ಗೆ ಒಂದು ಸೂಕ್ಷ್ಮ. ಮುಂದೆ ಹೋಗಲು ಬಾಣದ ಕೀಲಿ ಅಭ್ಯಾಸ ಮಾಡಿಕೊಳ್ಳಬೇಡಿ. ಫೋಟೊ ಕಿಟಕಿಗಿಂತ ದೊಡ್ಡದಾಗಿ ತೆರೆದಿದ್ದರೆ ಬಾಣದ ಕೀಲಿ ಅದೇ ಫೋಟೊವನ್ನು ಪಕ್ಕಕ್ಕೆ ಸರಿಸುತ್ತದೆ, ಮುಂದಿನದಕ್ಕೆ ಹೋಗುವುದಿಲ್ಲ. ಕಣ್ಣಿನ ಫೋಕಸ್ ನೋಡಲು ಹಿಗ್ಗಿಸಿದಾಗೆಲ್ಲ ಹೀಗೇ ಆಗುತ್ತದೆ. ಸ್ಪೇಸ್ ಒತ್ತಿದರೆ ಮುಂದಿನದು, ಬ್ಯಾಕ್‌ಸ್ಪೇಸ್ ಒತ್ತಿದರೆ ಹಿಂದಿನದು, ಫೋಟೊ ಎಷ್ಟೇ ಹಿಗ್ಗಿದ್ದರೂ ಇವು ಬದಲಾಗುವುದಿಲ್ಲ. ಎಂಟರ್ ಒತ್ತಿದರೆ ಪೂರ್ತಿ ಪರದೆ, ಕಂಟ್ರೋಲ್ ಹಿಡಿದು ಹೋಮ್ ಅಥವಾ ಎಂಡ್ ಒತ್ತಿದರೆ ಫೋಲ್ಡರಿನ ಮೊದಲು ಅಥವಾ ಕೊನೆ. ಎಡಗೈಯ ಹೆಬ್ಬೆರಳು ಸ್ಪೇಸ್ ಮೇಲೆ, ಬಲಗೈ ಚಹಾದ ಲೋಟದ ಮೇಲೆ. ಸಾವಿರ ಫೋಟೊ ಹೀಗೇ ದಾಟಿಹೋಗುತ್ತದೆ.

ಇನ್ನು ಬೇಸರದ ವಿಷಯಕ್ಕೆ ಬರೋಣ. ‘ಮುಂದಿನ ಫೋಲ್ಡರ್’ ಅಂದರೆ ಹೆಸರಿನ ಅನುಕ್ರಮದಲ್ಲಿ ಮುಂದಿನದು. ಕಾರ್ಯಕ್ರಮದಲ್ಲಿ ಯಾವುದು ಆಮೇಲೆ ನಡೆಯಿತು ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಮದುವೆಯ ಫೋಲ್ಡರುಗಳಿಗೆ ನಿಶ್ಚಿತಾರ್ಥ, ಮೆಹಂದಿ, ಧಾರೆ, ಆರತಕ್ಷತೆ ಎಂದು ಕನ್ನಡದಲ್ಲೇ ಹೆಸರಿಟ್ಟರೆ ಅಕ್ಷರಮಾಲೆಯ ಪ್ರಕಾರ ಆರತಕ್ಷತೆ ಮೊದಲು ಬರುತ್ತದೆ, ಆಮೇಲೆ ಧಾರೆ, ಅನಂತರ ನಿಶ್ಚಿತಾರ್ಥ, ಕಟ್ಟಕಡೆಗೆ ಮೆಹಂದಿ. ತಿಂಗಳ ಹೆಸರಿಟ್ಟರೆ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಕಳೆದ ಮೇಲೆ ಜನವರಿ. ತಾರೀಕು ಹಾಕುವವರೂ ಪಾರಾಗುವುದಿಲ್ಲ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ 01-02-2024 ಮುಂದೆ ಬಂದು 18-01-2024 ಹಿಂದೆ ಬೀಳುತ್ತದೆ.

ಇದಕ್ಕೆ ಸಾಫ್ಟ್‌ವೇರನ್ನು ದೂರಿ ಫಲವಿಲ್ಲ, ಹೆಸರನ್ನೇ ತಿದ್ದಬೇಕು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ: 2024-01-18. ಒಂದೇ ದಿನದ ಕಾರ್ಯಕ್ರಮವಾದರೆ ಎರಡಂಕಿಯ ಸಂಖ್ಯೆ ಮುಂದಿಡಿ: 01 ದಂಡತೀರ್ಥ, 02 ಜೋಡುಕಟ್ಟೆ, 03 ಮೆರವಣಿಗೆ, 04 ರಥಬೀದಿ, 05 ದರ್ಬಾರ್. ಬರೀ 1, 2 ಎಂದು ಬರೆಯಬೇಡಿ. ಅಕ್ಷರ ಲೆಕ್ಕದಲ್ಲಿ ಜೋಡಿಸುವ ಸಾಫ್ಟ್‌ವೇರಿನಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ. ಸೊನ್ನೆ ಸೇರಿಸಿದರೆ ಯಾವ ವ್ಯೂವರಿಗೆ ಬದಲಾದರೂ ಕ್ರಮ ಕೆಡುವುದಿಲ್ಲ. ಫೋಟೊ ಇರುವ ಫೋಲ್ಡರುಗಳೆಲ್ಲ ಒಂದೇ ಮೇಲಿನ ಫೋಲ್ಡರಿನಲ್ಲಿ ಅಕ್ಕಪಕ್ಕ ಇರಲಿ. ಒಂದರ ಹೊಟ್ಟೆಯಲ್ಲಿ ಒಂದು ಹುದುಗಿಸಿಟ್ಟಷ್ಟೂ ಸ್ಪೇಸ್ ಬಾರ್‌ನ ದಾರಿ ಗೋಜಲಾಗುತ್ತದೆ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದು. ಫೋಲ್ಡರಿನ ಗಡಿ ದಾಟಿದ್ದು ಕಣ್ಣಿಗೆ ಕಾಣುವುದಿಲ್ಲ. ಕಿಟಕಿಯಲ್ಲಿ ನೋಡುವಾಗ ಮೇಲಿನ ಪಟ್ಟಿಯಲ್ಲಿ ಫೈಲಿನ ಹೆಸರಾದರೂ ಇರುತ್ತದೆ, ಪೂರ್ತಿ ಪರದೆಯಲ್ಲಿ ಆ ಪಟ್ಟಿ ಇಲ್ಲ. ಒಂದೇ ರಂಗಸ್ಥಳ, ಒಂದೇ ಬೆಳಕು, ಅದೇ ವೇಷ. ಎರಡನೇ ಫೋಲ್ಡರಿಗೆ ಬಂದಾಯಿತೆಂದು ಗೊತ್ತಾಗದೆ ಡಿಲೀಟ್ ಒತ್ತುತ್ತಾ ಹೋದರೆ, ಆರಿಸಿ ಮುಗಿದ ಫೋಲ್ಡರಿಗೂ ಕತ್ತರಿ ಬೀಳಬಹುದು. ಕಂಪ್ಯೂಟರಿನ ಒಳಗಿನ ಡ್ರೈವಿನಲ್ಲಾದರೆ ಅಳಿಸಿದ್ದು ರಿಸೈಕಲ್ ಬಿನ್‌ನಲ್ಲಿ ಸಿಗುತ್ತದೆ. ಮೆಮೊರಿ ಕಾರ್ಡ್, ಪೆನ್‌ಡ್ರೈವ್ ಅಥವಾ ನೆಟ್‌ವರ್ಕಿನ ಇನ್ನೊಂದು ಕಂಪ್ಯೂಟರಿನಿಂದ ಅಳಿಸಿದ್ದು ಬಿನ್‌ಗೆ ಹೋಗುವುದಿಲ್ಲ, ನೇರ ಹೋಯಿತೆಂದೇ ಲೆಕ್ಕ.

ಈ ದೋಷಕ್ಕಾಗಿ ಐದರಲ್ಲಿ ಎರಡು ಅಂಕ ಕಳೆಯಬೇಕು ಅನಿಸುವ ಹೊತ್ತಿಗೆ ಮದ್ದೂ ಅದರ ಒಳಗೇ ಸಿಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫುಲ್ ಸ್ಕ್ರೀನ್ ಮತ್ತು ಸ್ಲೈಡ್‌ಶೋ ವಿಭಾಗಕ್ಕೆ ಹೋಗಿ. ಪೂರ್ತಿ ಪರದೆಯಲ್ಲಿ ಫೋಟೊದ ಮೇಲೆ ಅಕ್ಷರ ತೋರಿಸುವ ಆಯ್ಕೆ ಅಲ್ಲಿ ಉಂಟು. ಅಲ್ಲಿ ಡಾಲರ್ ಚಿಹ್ನೆಯ ಪಕ್ಕ ಇಂಗ್ಲಿಷಿನ ದೊಡ್ಡ ಡಿ ಹಾಕಿದರೆ ಫೋಲ್ಡರಿನ ದಾರಿ, ಎಫ್ ಹಾಕಿದರೆ ಫೈಲಿನ ಹೆಸರು, ಎಕ್ಸ್ ಹಾಕಿದರೆ ಒಟ್ಟು ಎಷ್ಟರಲ್ಲಿ ಎಷ್ಟನೆಯದು ಎಂಬ ಲೆಕ್ಕ ಬರುತ್ತದೆ. ಮೂರನ್ನೂ ಹಾಕಿ. ಅಕ್ಷರದ ಬಣ್ಣ ಹಳದಿ ಇರಲಿ, ಬಿಳಿ ಅಕ್ಷರ ಬಿಳಿ ಪಂಚೆಯ ಮೇಲೆ ಬಿದ್ದರೆ ಕಾಣುವುದಿಲ್ಲ. ಲೆಕ್ಕ 412ರಿಂದ ಏಕಾಏಕಿ 1ಕ್ಕೆ ಇಳಿದದ್ದು ಕಂಡರೆ ಗಡಿ ದಾಟಿದ್ದೇವೆಂದು ತಿಳಿಯುತ್ತದೆ. ಈಗ ಕಳೆಯುವುದು ಒಂದೇ ಅಂಕ: ಐದರಲ್ಲಿ ನಾಲ್ಕು.

ಡಿಲೀಟ್‌ನ ಬದಲು ಎಫ್7 ಬಳಸುವುದು ಇನ್ನೂ ಕ್ಷೇಮ. ಅದು ಫೋಟೊವನ್ನು ಬೇರೆ ಫೋಲ್ಡರಿಗೆ ಸಾಗಿಸುತ್ತದೆ, ಎಫ್8 ನಕಲು ಮಾಡುತ್ತದೆ. ಬೇಡವಾದದ್ದಕ್ಕೆ ‘ಬೇಡ’ ಎಂಬ ಫೋಲ್ಡರ್, ಆಲ್ಬಮ್‌ಗೆ ಹೋಗುವುದಕ್ಕೆ ‘ಆಯ್ಕೆ’ ಎಂಬ ಫೋಲ್ಡರ್ ಮಾಡಿ ಒಂದು ಸಲ ತೋರಿಸಿಟ್ಟರೆ ಸಾಕು. ಆದರೆ ಇವೆರಡನ್ನೂ ಫೋಟೊ ಫೋಲ್ಡರುಗಳ ಪಕ್ಕದಲ್ಲಿ ಇಡಬೇಡಿ. ಪಕ್ಕದಲ್ಲಿಟ್ಟರೆ ಸ್ಪೇಸ್ ಬಾರ್ ತನ್ನ ಸರದಿಯಲ್ಲಿ ‘ಬೇಡ’ದ ಒಳಗೂ ನುಗ್ಗುತ್ತದೆ, ತಿರಸ್ಕರಿಸಿದ ಫೋಟೊಗಳು ಮತ್ತೆ ಮೆರವಣಿಗೆ ಬರುತ್ತವೆ. ಬೇರೆಯೇ ಒಂದು ಮೇಲಿನ ಫೋಲ್ಡರಿನಲ್ಲಿಡಿ. ಡ್ರೈವ್ ಅದೇ ಇರಲಿ, ಆಗ ಸಾಗಿಸುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಡ್ರೈವ್ ಬೇರೆಯಾದರೆ ಪ್ರತಿ ಫೈಲನ್ನೂ ನಕಲಿಸಿ ಅಳಿಸಬೇಕಾಗುವುದರಿಂದ ತಡವಾಗುತ್ತದೆ.

ಎರಡು ಕ್ಯಾಮೆರಾದ ಕೆಲಸಕ್ಕೆ ಹೆಸರಿನ ಅನುಕ್ರಮ ಸಾಲದು, ಎರಡರ ಫೈಲ್ ಸಂಖ್ಯೆಗಳೂ ಬೇರೆ ಬೇರೆ ಓಡುತ್ತವೆ. ಒಂದೇ ಕ್ಯಾಮೆರಾದಲ್ಲೂ ತೊಡಕು ಉಂಟು: ಅದರ ಫೈಲ್ ಸಂಖ್ಯೆ ನಾಲ್ಕೇ ಅಂಕಿ, 9999 ಆದ ಮೇಲೆ 0001. ಕ್ಯಾಮೆರಾ ಆಗ ಹೊಸ ಫೋಲ್ಡರ್ ತೆರೆಯುತ್ತದೆ, ನಾವು ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಕೊನೆಗೆ ತೆಗೆದದ್ದು ಮೊದಲು ಬರುತ್ತದೆ. ಇಂಥಲ್ಲಿ ಬಿ ಒತ್ತಿ, ಅನೇಕ ಫೈಲುಗಳಿಗೆ ಒಟ್ಟಿಗೇ ಹೆಸರು ಬದಲಿಸುವ ಬ್ಯಾಚ್ ಕಿಟಕಿ ತೆರೆದು, ಫೋಟೊ ತೆಗೆದ ಸಮಯವನ್ನೇ ಹೆಸರಾಗಿ ಕೊಡಬಹುದು. ಕ್ಯಾಮೆರಾ ಫೋಟೊದೊಳಗೇ ಬರೆದಿಡುವ ವಿವರಗಳಿಗೆ ಎಕ್ಸಿಫ್ ಎನ್ನುತ್ತಾರೆ. ಆ ಸಮಯದ ಎಕ್ಸಿಫ್ ಟ್ಯಾಗ್ ಸಂಖ್ಯೆ 36867, ಹೆಸರಿನ ನಮೂನೆಯಲ್ಲಿ ಡಾಲರ್ ಚಿಹ್ನೆ, ದೊಡ್ಡ ಇ, ಆಮೇಲೆ ಈ ಸಂಖ್ಯೆ. ಒಂದೇ ಸೆಕೆಂಡಿನಲ್ಲಿ ನಾಲ್ಕೈದು ಫೋಟೊ ಹೊಡೆಯುವವರು ಕೊನೆಯಲ್ಲಿ ಕ್ರಮಸಂಖ್ಯೆ ಹಾಕುವ ಮೂರು ಹ್ಯಾಷ್ ಚಿಹ್ನೆ (###) ಸೇರಿಸಬೇಕು, ಇಲ್ಲದಿದ್ದರೆ ಹೆಸರು ಒಂದರ ಮೇಲೊಂದು ಬೀಳುತ್ತದೆ. ಇದೆಲ್ಲ ಸರಿಬರಬೇಕಾದರೆ ಕಾರ್ಯಕ್ರಮಕ್ಕೆ ಮೊದಲೇ ಎರಡೂ ಕ್ಯಾಮೆರಾಗಳ ಗಡಿಯಾರ ಒಂದೇ ಹೊತ್ತು ತೋರಿಸುತ್ತಿರಬೇಕು.

ಒಳಗೊಳಗೆ ಫೋಲ್ಡರ್ ಇರುವ ಹಳೇ ಸಂಗ್ರಹವನ್ನು ಮರುಜೋಡಿಸಲು ಪುರುಸೊತ್ತಿಲ್ಲದವರಿಗೆ ಸ್ಲೈಡ್‌ಶೋ ಪಟ್ಟಿ ಒಳ್ಳೆಯದು. ಡಬ್ಲ್ಯೂ ಒತ್ತಿ, ಮೇಲಿನ ಫೋಲ್ಡರ್ ಆರಿಸಿ, ಉಪಫೋಲ್ಡರ್ ಸಮೇತ ಎಲ್ಲವನ್ನೂ ಸೇರಿಸುವ ಬಟನ್ ಒತ್ತಿದರೆ ಎಲ್ಲ ಫೋಟೊ ಒಂದೇ ಸಾಲಿಗೆ ಬರುತ್ತದೆ. ಸೆಕೆಂಡ್ ಲೆಕ್ಕ ಬಿಟ್ಟು, ಕೀಲಿ ಒತ್ತಿದಾಗ ಮಾತ್ರ ಮುಂದೆ ಹೋಗುವಂತೆ ಮಾಡಿಕೊಳ್ಳಿ. ಪಟ್ಟಿಯನ್ನು ಟೆಕ್ಸ್ಟ್ ಫೈಲಾಗಿ ಉಳಿಸಿದರೆ ಮರುದಿನವೂ ಸಿಗುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಬಳಸುವವರು ನೆನಪಿಡಬೇಕಾದ್ದು: ಪಟ್ಟಿಯಲ್ಲಿರುವುದು ಡ್ರೈವಿನ ಅಕ್ಷರ ಸಮೇತ ಪೂರ್ತಿ ದಾರಿ. ನಿನ್ನೆ ಇ ಆಗಿದ್ದ ಡ್ರೈವ್ ಇವತ್ತು ಎಫ್ ಆದರೆ ಒಂದು ಫೋಟೊವೂ ತೆರೆಯುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಆ ಅಕ್ಷರವನ್ನು ಒಟ್ಟಿಗೇ ಬದಲಿಸಿದರೆ ಸರಿಯಾಗುತ್ತದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಡಿಸ್ಕಿಗೆ ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಕಡೆಯ ಒಂದು ಅಕ್ಷರ, ಟಿ ಅಥವಾ ವಿ, ಗೊತ್ತುಮಾಡಿಟ್ಟರೆ ಈ ತೊಂದರೆ ಬರುವುದು ಕಡಿಮೆ.

ಹಣದ ವಿಷಯ: ಮನೆ ಬಳಕೆಗೆ ಉಚಿತ. ಸ್ಟುಡಿಯೊದಲ್ಲಿ ಗಿರಾಕಿಯ ಕೆಲಸಕ್ಕೆ ಬಳಸುವವರು ಪರವಾನಗಿ ಕೊಳ್ಳಬೇಕು, ಕೊಳ್ಳಿ. ಐಫೋನಿನ ಫೋಟೊ, ಕ್ಯಾಮೆರಾದ ರಾ ಫೈಲ್ (ಸಂಸ್ಕರಿಸದ ಮೂಲ ಫೋಟೊ) ತೆರೆಯಲು ಪ್ಲಗ್‌ಇನ್ ಕಂತೆಯನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ವಿಂಡೋಸ್ ಇಲ್ಲದವರಿಗೆ ಡಿಜಿಕ್ಯಾಮ್ ಎಂಬ ಫೋಟೊ ಸಾಫ್ಟ್‌ವೇರ್ ಉಂಟು, ಅದರಲ್ಲಿ ಉಪಆಲ್ಬಮ್‌ಗಳನ್ನೂ ಸೇರಿಸಿ ಒಟ್ಟಿಗೆ ನೋಡಬಹುದು. ಆದರೆ ಅದು ಮೊದಲು ಇಡೀ ಸಂಗ್ರಹವನ್ನು ತನ್ನ ಡೇಟಾಬೇಸಿಗೆ ಸೇರಿಸಿಕೊಳ್ಳುತ್ತದೆ. ಗಿರಾಕಿ ತಂದುಕೊಟ್ಟ ಪೆನ್‌ಡ್ರೈವನ್ನು ಚುಚ್ಚಿ ತಕ್ಷಣ ನೋಡುವ ಕೆಲಸಕ್ಕೆ ಅದು ಭಾರ.

ಸ್ಪೇಸ್ ಬಾರ್ ಕೆಲಸ ಮಾಡುವುದಿಲ್ಲ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಎರಡು ಕಾರಣ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಅಲ್ಲಿಂದಲೇ ಫೋಟೊ ತೆರೆದಿರುತ್ತಾರೆ, ಇಲ್ಲವೇ ಜಿಪ್ ಫೈಲಿನ ಒಳಗಿಂದ ತೆರೆದಿರುತ್ತಾರೆ. ಎರಡರಲ್ಲೂ ವಿಂಡೋಸ್ ಆ ಒಂದು ಫೋಟೊವನ್ನು ತಾತ್ಕಾಲಿಕ ಫೋಲ್ಡರಿಗೆ ನಕಲಿಸಿ ವ್ಯೂವರಿಗೆ ಕೊಡುತ್ತದೆ. ಪಕ್ಕದ ಫೋಟೊಗಳು ಅಲ್ಲಿಲ್ಲ, ಹಾಗಾಗಿ ಮುಂದೆ ಹೋಗಲು ಏನೂ ಇಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೊಗಳನ್ನು ನೋಡುವಾಗ ಹೀಗಾಗುವುದೇ ಹೆಚ್ಚು. ಇಡೀ ವಾಟ್ಸಾಪ್ ಇಮೇಜಸ್ ಫೋಲ್ಡರನ್ನು ಮೊದಲು ಡ್ರೈವಿಗೆ ಕಾಪಿ ಮಾಡಿ. ಅದರೊಳಗೆ ಸೆಂಟ್ ಎಂಬ ಉಪಫೋಲ್ಡರ್ ಇರುತ್ತದೆ, ಅದನ್ನು ಹೊರಗೆ ತೆಗೆದು ಪಕ್ಕದಲ್ಲಿಟ್ಟು, ಎರಡಕ್ಕೂ 01, 02 ಎಂದು ಸಂಖ್ಯೆ ಕೊಟ್ಟ ಮೇಲೆ ತೆರೆಯಿರಿ.