ಗಿರಿರಾಜ, ಗ್ರಾಮಶ್ರೀ, ಊರಕೋಳಿ: ನಮ್ಮ ಹಿತ್ತಿಲಲ್ಲಿ ಉಳಿದದ್ದು ಯಾವುದು

ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲ ದಾಟಿ ಅಡ್ಕಸ್ಥಳಕ್ಕೆ ಬಂದರೆ ಕೇರಳ ಮುಗಿಯಿತು, ಆಚೆ ಕರ್ನಾಟಕ. ನಮ್ಮ ಮನೆ ಗಡಿಯ ಈಚೆ ಬದಿಯಲ್ಲಿದೆ. ಹಾಗಾಗಿ ಎರಡೂ ರಾಜ್ಯಗಳ ಕೋಳಿಗಳು ನಮ್ಮ ಹಿತ್ತಿಲು ಕಂಡಿವೆ. ವಿಟ್ಲ, ಪುತ್ತೂರಿನ ಕಡೆಯಿಂದ ಗಿರಿರಾಜ ಬಂತು. ಪಂಚಾಯತಿನ ಯೋಜನೆಯಲ್ಲಿ ಮೃಗಾಸ್ಪತ್ರೆಯ ಮೂಲಕ ಗ್ರಾಮಶ್ರೀ ಬಂತು. ಅತ್ತೆಯವರ ಕಾಲದ ಊರಕೋಳಿ ಯಾರೂ ಕರೆತರದೆ ತಾನೇ ಮರಿ ಮಾಡಿಕೊಂಡು ಇದ್ದೇ ಇತ್ತು. ಹೊಸದಾಗಿ ಕೋಳಿ ಸಾಕಲು ಹೊರಟವರು ಮೊದಲು ಕೇಳುವುದು, ಯಾವುದು ಹೆಚ್ಚು ಮೊಟ್ಟೆ ಇಡುತ್ತದೆ ಎಂದು. ಅದಕ್ಕೆ ಉತ್ತರ ಸುಲಭ. ಆದರೆ ಅಡಿಕೆ ತೋಟದ ಅಂಚಿನಲ್ಲಿ, ಗುಡ್ಡದ ಬುಡದಲ್ಲಿ ಮನೆ ಇರುವವರು ಅದಕ್ಕಿಂತ ಮೊದಲು ಕೇಳಬೇಕಾದ ಮಾತು ಇನ್ನೊಂದಿದೆ: ಒಂದು ಮಳೆಗಾಲ ಕಳೆದ ಮೇಲೆ ಎಷ್ಟು ಕೋಳಿ ಉಳಿದಿರುತ್ತವೆ?

ಗಿರಿರಾಜದ ಮೇಲೆ ನನಗೆ ಗೌರವವಿದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಿನ ಸಾಕಣೆಗೆಂದೇ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ತಳಿ ಅದು. ಬಣ್ಣಬಣ್ಣದ ಗರಿ, ಅಗಲವಾದ ಎದೆ, ದಪ್ಪ ಕಾಲು. ವರ್ಷಕ್ಕೆ 130ರಿಂದ 150 ಮೊಟ್ಟೆ, ಮೊಟ್ಟೆಯೂ ದೊಡ್ಡದು. ಹುಂಜ ಮೂರು ಕಿಲೋ ದಾಟುವುದಕ್ಕೆ ಹೆಚ್ಚು ಕಾಲ ಬೇಡ. ಮನೆಗೆ ನೆಂಟರು ಬಂದಾಗ ಒಂದೇ ಹುಂಜದಲ್ಲಿ ಕೋಳಿ ರೊಟ್ಟಿಯ ಊಟ ಮುಗಿದು ಮರುದಿನಕ್ಕೂ ಸಾರು ಉಳಿಯುತ್ತದೆ. ಮಾಂಸಕ್ಕಾಗಿಯೇ ಸಾಕುವವರಿಗೆ, ಸುತ್ತ ಗಟ್ಟಿ ಬೇಲಿ ಇರುವವರಿಗೆ, ನಾನು ಇಂದಿಗೂ ಅದನ್ನೇ ಹೇಳುತ್ತೇನೆ.

ನಮ್ಮಲ್ಲಿ ಅದಕ್ಕೆ ಮುಳುವಾದದ್ದು ಆ ತೂಕವೇ. ನಮ್ಮ ತೋಟದ ಕಣಿಗಳಲ್ಲಿ, ಅಂದರೆ ನೀರು ಹರಿಯುವ ಕಾಲುವೆಗಳಲ್ಲಿ, ಮುಂಗುಸಿ ಹಗಲು ಹೊತ್ತಿನಲ್ಲೇ ಓಡಾಡುತ್ತದೆ. ಊರಕೋಳಿಗೆ ಅದರ ಸುಳಿವು ಸಿಕ್ಕಿದರೆ ಸಾಕು, ರೆಕ್ಕೆ ಬಡಿದು ಪೇರಳೆ ಮರದ ಕೊಂಬೆಗೋ ಕೊಟ್ಟಿಗೆಯ ಮಾಡಿಗೋ ಏರಿಬಿಡುತ್ತದೆ. ಗಿರಿರಾಜ ಓಡುತ್ತದೆ. ಓಡಿ ಮುಂಗುಸಿಯಿಂದ ತಪ್ಪಿಸಿಕೊಂಡ ಕೋಳಿಯನ್ನು ನಾನು ನೋಡಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಂತೆಯೇ ಅಡಿಕೆ ಸೋಗೆಯ ರಾಶಿಯ ಹಿಂದಿನಿಂದ ಮುಂಗುಸಿ ಹೊರಬಂತು. ಹೇಂಟೆ ಸೊಪ್ಪಿನ ನಡುವೆ ಹುಳ ಕೆದಕುತ್ತಿತ್ತು. ಅದು ತಲೆ ಎತ್ತಿತು, ನಾಲ್ಕು ಹೆಜ್ಜೆ ಓಡಿತು, ಮುಂಗುಸಿ ಕುತ್ತಿಗೆಗೆ ಬಾಯಿ ಹಾಕಿ ಕಣಿಯೊಳಗೆ ಎಳೆದುಕೊಂಡು ಹೋಯಿತು. ನಾನು ಬಾಗಿಲು ತೆರೆದು ಅಂಗಳಕ್ಕೆ ಇಳಿಯುವಷ್ಟರಲ್ಲಿ ಗರಿಗಳು ಮಾತ್ರ ಇದ್ದವು. ಮರುದಿನ ಅದೇ ಹೊತ್ತಿಗೆ ಮುಂಗುಸಿ ಮತ್ತೆ ಬಂತು. ಒಂದು ಸಲ ರುಚಿ ಕಂಡರೆ ಅದು ಗೂಡು ಬರಿದಾಗುವವರೆಗೆ ಬಿಡುವುದಿಲ್ಲ.

ಬೆಂಗಳೂರಿನವರಿಗೂ ಈ ಕಷ್ಟ ಗೊತ್ತಿತ್ತೆಂದು ಕಾಣುತ್ತದೆ. 2005ರಲ್ಲಿ ಅವರು ಬಿಡುಗಡೆ ಮಾಡಿದ ಸ್ವರ್ಣಧಾರ ಗಿರಿರಾಜಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು, ಶತ್ರುಗಳಿಂದ ತಪ್ಪಿಸಿಕೊಳ್ಳುವುದರಲ್ಲಿಯೂ ಚುರುಕು. ಗಡಿಯಾಚೆ ಬಂಧುಗಳ ಮನೆಯಲ್ಲಿ ಅದು ಚೆನ್ನಾಗಿ ಬಾಳಿದ್ದನ್ನು ಕಂಡಿದ್ದೇನೆ. ಕರ್ನಾಟಕದ ತಳಿಗಳಲ್ಲಿ ಒಂದನ್ನು ಆರಿಸಲೇಬೇಕೆಂದರೆ ನಮ್ಮಂಥ ಜಾಗಕ್ಕೆ ಸ್ವರ್ಣಧಾರವೇ ಮೇಲು.

ಗ್ರಾಮಶ್ರೀ ತೃಶ್ಶೂರಿನ ಮಣ್ಣುತ್ತಿಯಲ್ಲಿ ಹುಟ್ಟಿದ ತಳಿ. ಕೇರಳದ ಹಿತ್ತಿಲುಗಳಲ್ಲಿ ಅದು ಈಗ ಎಲ್ಲೆಡೆ ಇದೆ. ಕಂದು ಮೊಟ್ಟೆ, ವರ್ಷಕ್ಕೆ 180ರಿಂದ 200 ಎನ್ನುತ್ತಾರೆ. ನಮ್ಮಲ್ಲಿ ಅಷ್ಟು ಮುಟ್ಟಲಿಲ್ಲವಾದರೂ ಮಿಕ್ಕವುಗಳಿಗಿಂತ ಬಹಳ ಮುಂದಿತ್ತು. ಯೋಜನೆಯಲ್ಲಿ ಕೊಡುವಾಗ ಒಂದೂವರೆ ಎರಡು ತಿಂಗಳ ಮರಿಗಳಾಗಿರುತ್ತವೆ, ಮೊದಲ ಲಸಿಕೆಗಳು ಆಗಿರುತ್ತವೆ. ಬಲ್ಬಿನ ಕಾವಿನಲ್ಲಿ ಮರಿಗಳನ್ನು ಕಾಪಾಡುವ ತಲೆನೋವು ಇಲ್ಲ. ಸ್ವಭಾವವೂ ಸಾಧು. ಬಾಗಿಲಲ್ಲಿ ತಟ್ಟೆಯ ಸದ್ದಾದರೆ ಓಡಿ ಬಂದು ಕಾಲ ಬಳಿ ನಿಲ್ಲುತ್ತವೆ. ನಾವು ಇಟ್ಟ ಪೆಟ್ಟಿಗೆಯಲ್ಲಿಯೇ ಮೊಟ್ಟೆ ಇಡುತ್ತವೆ. ಊರಕೋಳಿ ಹಾಗಲ್ಲ. ಇವತ್ತು ಕಟ್ಟಿಗೆ ಕೊಟ್ಟಿಗೆಯಲ್ಲಿ, ನಾಳೆ ಅಡಿಕೆ ಹಾಳೆಯ ರಾಶಿಯ ಮರೆಯಲ್ಲಿ, ಇನ್ನೊಮ್ಮೆ ಯಾರಿಗೂ ತಿಳಿಯದ ಪೊದೆಯಲ್ಲಿ. ಅದು ಬಚ್ಚಿಟ್ಟದ್ದರಲ್ಲಿ ಒಂದು ಪಾಲು ಕೇರೆ ಹಾವಿಗೆ, ಒಂದು ಪಾಲು ಉಡಕ್ಕೆ, ಉಳಿದದ್ದು ನಮಗೆ.

ಹೀಗೆ ಮೊಟ್ಟೆಯ ಲೆಕ್ಕದಲ್ಲಿ ಗ್ರಾಮಶ್ರೀ ಗೆದ್ದಿತು. ಊರಕೋಳಿ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಆಮೇಲೆ ಮರಿಗಳ ಹಿಂದೆ ತಿರುಗುವ ಕಾಲ. ವರ್ಷದಲ್ಲಿ ಐವತ್ತು ಅರವತ್ತು ಮೊಟ್ಟೆ ಸಿಕ್ಕಿದರೆ ಹೆಚ್ಚು. ಆದರೆ ಗ್ರಾಮಶ್ರೀ ಕಾವಿಗೆ ಕೂರುವುದು ಅಪರೂಪ. ಗಿರಿರಾಜವೂ ಅಷ್ಟೆ. ಅವುಗಳ ಮೊಟ್ಟೆಯಿಂದ ನಾವೇ ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ಮೊದಲಿನ ಗುಣ ಹಾಗೆಯೇ ನಿಲ್ಲುವುದಿಲ್ಲ. ಸತ್ತದ್ದರ ಜಾಗ ತುಂಬಬೇಕೆಂದರೆ ಮತ್ತೆ ಹಣ, ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. 2021ರ ಜನವರಿಯಲ್ಲಿ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು ಗಡಿಯಲ್ಲಿ ಕೋಳಿ ಸಾಗಾಟದ ತಪಾಸಣೆ ಬಿಗಿಯಾದಾಗ, ಗಡಿಯಾಚೆಯ ಮರಿಗಳನ್ನೇ ನಂಬಿದ್ದವರ ಗೂಡು ಖಾಲಿ ಉಳಿಯಿತು. ಕಾವು ಕೂರುವ ಹೇಂಟೆ ಇದ್ದ ಮನೆಗಳಲ್ಲಿ ಮಾತ್ರ ಚಿಲಿಪಿಲಿ ನಿಲ್ಲಲಿಲ್ಲ.

ಕಾವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಕೋಳಿ ಸಾಕುವುದರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವುದು ಆ ಇಪ್ಪತ್ತೊಂದು ದಿನ. ಹೇಂಟೆ ಗರಿ ಉಬ್ಬಿಸಿ ಗುರುಗುಟ್ಟಲು ತೊಡಗಿದರೆ ಬಿದಿರಿನ ಬುಟ್ಟಿಯಲ್ಲಿ ಬೈಹುಲ್ಲು ಹಾಸಿ, ಹೇನಿನ ಕಾಟಕ್ಕೆ ಕೆಳಗೆ ನೆಕ್ಕಿ ಸೊಪ್ಪು ಹರಡಿ, ಮೊಟ್ಟೆ ಜೋಡಿಸಿ ಇಡುತ್ತೇವೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಅತ್ತೆ ಅದರೊಳಗೆ ಒಂದು ಕಬ್ಬಿಣದ ಮೊಳೆ ಇಡುತ್ತಿದ್ದರು, ನಾನೂ ಇಡುತ್ತೇನೆ. ವಾರ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ಮೊಟ್ಟೆಯೊಳಗೆ ಕೆಂಪು ನರಗಳ ಬಲೆ, ನಡುವೆ ಮಿಡಿಯುವ ಒಂದು ಚುಕ್ಕೆ ಕಾಣುತ್ತದೆ. ಹೇಂಟೆ ದಿನಕ್ಕೆ ಒಂದೇ ಸಲ ಎದ್ದು, ಅವಸರದಲ್ಲಿ ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಬೂದಿಯಲ್ಲಿ ಹೊರಳಿ ಮತ್ತೆ ಬಂದು ಕೂರುತ್ತದೆ. ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿನಿಂದಲೇ ಮರಿ ಚೀಂ ಎನ್ನುತ್ತದೆ, ತಾಯಿ ಮೆಲ್ಲನೆ ಉತ್ತರ ಕೊಡುತ್ತದೆ. ಹೊರಬಂದ ಮೇಲೆ ಆ ತಾಯಿಗೆ ಹಲವು ಬಗೆಯ ಕೂಗು. ಗೆದ್ದಲು ಸಿಕ್ಕಿದರೆ ಒಂದು, ಮಲಗಲು ಕರೆಯುವಾಗ ಒಂದು, ಆಕಾಶದಲ್ಲಿ ಗಿಡುಗ ಸುಳಿದರೆ ಉದ್ದವಾಗಿ ಎಳೆದ ಇನ್ನೊಂದು. ಆ ಕೊನೆಯ ಕೂಗು ಬಿದ್ದ ಕ್ಷಣವೇ ಮರಿಗಳೆಲ್ಲ ಕೆಸುವಿನ ಎಲೆಗಳ ಕೆಳಗೆ ನುಗ್ಗಿ ಉಸಿರೆತ್ತದೆ ಕೂರುತ್ತವೆ. ತಾಯಿಯಿಲ್ಲದೆ ಬೆಳೆದ ಗಿರಿರಾಜದ ಮರಿಗಳು ಅದೇ ಗಿಡುಗದ ನೆರಳಿನಲ್ಲಿ ಬಯಲಿನಲ್ಲೇ ಮೇಯುತ್ತಿದ್ದವು.

ಕಾವಿನ ಕೋಳಿಗೆ ಅದರದೇ ಅಪಾಯವೂ ಇದೆ. ಏನೇ ಬಂದರೂ ಅದು ಮೊಟ್ಟೆ ಬಿಟ್ಟು ಏಳುವುದಿಲ್ಲ. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಬುಟ್ಟಿಯ ಪಕ್ಕದಲ್ಲಿ ಹೆಬ್ಬಾವು ಸುರುಳಿ ಸುತ್ತಿ ಮಲಗಿತ್ತು. ನಮ್ಮ ಅತಿ ಒಳ್ಳೆಯ ಹೇಂಟೆ ಅದರ ಹೊಟ್ಟೆಯಲ್ಲಿತ್ತು. ಒಳಬಂದ ಸಂದಿಯಿಂದ ಉಬ್ಬಿದ ಹೊಟ್ಟೆ ಹೊರಹೋಗುವಂತಿರಲಿಲ್ಲ. ಹೆಬ್ಬಾವಿಗೆ ವನ್ಯಜೀವಿ ಕಾನೂನಿನ ರಕ್ಷಣೆಯಿದೆ, ಹೊಡೆಯುವಂತಿಲ್ಲ, ಹೊಡೆಯಲೂಬಾರದು. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ತಿಳಿಸಿದರೆ ತರಬೇತಿ ಪಡೆದವರು ಬಂದು ಹಿಡಿದು ಕಾಡಿಗೆ ಬಿಡುತ್ತಾರೆ. ಹಾವು ಹೋಯಿತು; ತಣ್ಣಗಾದ ಮೊಟ್ಟೆಗಳನ್ನು ಬುಟ್ಟಿಯಿಂದ ಎತ್ತುವಾಗ ನನಗೆ ಅಳು ಬಂತು. ಆಮೇಲೆ ಗೂಡನ್ನು ಮುರಕಲ್ಲಿನ ಕಂಬಗಳ ಮೇಲೆ ಎತ್ತರಿಸಿ, ಸುತ್ತ ಅರ್ಧ ಇಂಚಿನ ಬೆಸುಗೆ ಜಾಲರಿ ಹೊಡೆಸಿದೆವು. ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ತೆಳು ಬಲೆ ಕೋಳಿ ಹೊರಹೋಗದಂತೆ ತಡೆಯುತ್ತದೆ, ಹಾವು ಒಳಬರುವುದನ್ನು ತಡೆಯುವುದಿಲ್ಲ. ಯಾವ ತಳಿ ತಂದರೂ ಮೊದಲ ಖರ್ಚು ಈ ಜಾಲರಿಗೆ ಆಗಬೇಕು.

ರೋಗದ ವಿಷಯದಲ್ಲಿ ಊರಕೋಳಿಯ ಬಗ್ಗೆ ಒಂದು ತಪ್ಪು ನಂಬಿಕೆ ಇದೆ, ಅದಕ್ಕೆ ಏನೂ ಬಾಧಿಸುವುದಿಲ್ಲ ಎಂದು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ತಳಿಯ ಭೇದವಿಲ್ಲ. ಹಸಿರು ಭೇದಿ, ತೂಕಡಿಕೆ, ಕೆಲವಕ್ಕೆ ಕುತ್ತಿಗೆ ತಿರುಚಿಕೊಳ್ಳುವುದು. ಬಂದ ಮೇಲೆ ಔಷಧಿಯಿಲ್ಲ. ಒಂದು ಬೇಸಿಗೆಯ ಕೊನೆಯಲ್ಲಿ ಸುತ್ತಲಿನ ಮನೆಗಳಿಗೆಲ್ಲ ಅದು ಬಂದಾಗ ಲಸಿಕೆಯಾಗಿದ್ದ ಗ್ರಾಮಶ್ರೀಗಳು ಉಳಿದವು. ಮರದ ಮೇಲೆ ಮಲಗಿ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದ್ದ ಊರಕೋಳಿಗಳು ಒಂದೊಂದಾಗಿ ಬಿದ್ದವು. ಸುಣ್ಣ ಹಾಕಿ ಆಳವಾಗಿ ಹೂಳಿದೆವು. ಮರಿ ಹುಟ್ಟಿದ ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ ಲಸೋಟ, ಎಂಟು ವಾರಕ್ಕೆ ರೆಕ್ಕೆಯ ಚರ್ಮದಡಿ ಇನ್ನೊಂದು ಲಸಿಕೆ, ಇಷ್ಟು ಆಗಲೇಬೇಕು. ತೊಡಕೆಂದರೆ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವಷ್ಟು ಇರುತ್ತದೆ, ಕರಗಿಸಿದ ಮೇಲೆ ಗಂಟೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿ ಇರುವವರು ಒಬ್ಬರೇ ತಂದರೆ ಹೆಚ್ಚಿನದು ನೆಲಕ್ಕೆ. ನಾವು ಕುಡುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಸಂಘದ ನೆರೆಮನೆಯವರು ದಿನ ಗೊತ್ತುಮಾಡಿ, ಥರ್ಮಾಸಿನಲ್ಲಿ ಮಂಜುಗಡ್ಡೆಯ ನಡುವೆ ಸೀಸೆ ತಂದು, ಎಲ್ಲರ ಮರಿಗಳಿಗೂ ಒಂದೇ ಸಂಜೆ ಹಾಕಿ ಮುಗಿಸುತ್ತೇವೆ.

ಮಳೆಗಾಲದಲ್ಲಿ ಮೂರಕ್ಕೂ ಕಷ್ಟ. ಗೂಡಿನ ಮರದ ಪುಡಿ ಒದ್ದೆಯಾದರೆ ರಕ್ತಭೇದಿ ಮರಿಗಳನ್ನು ಹಿಡಿಯುತ್ತದೆ. ಬೂಸಲು ಬಂದ ತೌಡು, ಹಿಂಡಿ ಕೊಡಲೇಬಾರದು.

ಮೇವಿನಲ್ಲಿ ಊರಕೋಳಿಯಷ್ಟು ಮಿತವ್ಯಯಿ ಬೇರೆ ಇಲ್ಲ. ಬೆಳಿಗ್ಗೆ ಒಂದು ಹಿಡಿ ನುಚ್ಚು, ಸಂಜೆ ಗೂಡಿಗೆ ಕರೆಯಲು ಒಂದು ಹಿಡಿ. ಮಿಕ್ಕದ್ದು ತೋಟದ ಹುಳ, ಗೆದ್ದಲು, ಹಲಸಿನ ರಚ್ಚೆ. ಗ್ರಾಮಶ್ರೀಗೆ ಅಷ್ಟು ಸಾಲದು. ತೌಡು, ತೆಂಗಿನ ಹಿಂಡಿ ಬೇಕು, ಇಲ್ಲವಾದರೆ ಮೊಟ್ಟೆ ನಿಲ್ಲುತ್ತದೆ. ಚಿಪ್ಪು ತೆಳುವಾದರೆ ಮರುವಾಯಿಯ ಚಿಪ್ಪನ್ನು ಸುಟ್ಟು ಪುಡಿಮಾಡಿ ಹಾಕುತ್ತೇನೆ. ಬೂತಾಯಿಯ ತಲೆ, ಕರುಳು ದಿನವೂ ಕೊಟ್ಟರೆ ಕಂದು ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ, ವಾರಕ್ಕೊಮ್ಮೆ ಸಾಕು.

ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಆಗ ಇಲ್ಲಿಯೂ ಅದರ ಹುಚ್ಚು ಹಬ್ಬಿತು. ನೋಡಲು ಅಂದ, ಮಾಂಸ ಕಪ್ಪು, ಮೊಟ್ಟೆ ಕಪ್ಪಲ್ಲ. ಬೆಳೆಯುವುದು ನಿಧಾನ, ಕಾವಿಗೆ ಕೂರುವುದು ನೆಚ್ಚಿಕೆಯಿಲ್ಲ, ಹುಚ್ಚು ಇಳಿದ ಮೇಲೆ ಕೊಳ್ಳುವವರೂ ಇಲ್ಲ. ಕಬ್ಬಿಣದ ಪಂಜರದಲ್ಲಿ ಸಾಕುವ ಬಿ.ವಿ. 380 ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಕೊಡುತ್ತದೆ. ಮುಂಗುಸಿಯ ಭಯವಿಲ್ಲ, ನಗರದ ಟೆರೇಸಿಗೆ ಸರಿ. ಆದರೆ ದಿನಕ್ಕೆ ನೂರು ಗ್ರಾಮಿಗೂ ಮಿಕ್ಕಿ ಕೊಂಡ ಮೇವು ಬೇಕು, ಮೊಟ್ಟೆ ಇಳಿದ ಮೇಲೆ ಅದನ್ನು ಇಟ್ಟುಕೊಳ್ಳುವವರಿಲ್ಲ. ಕೆದಕದ, ಮಣ್ಣಿನಲ್ಲಿ ಹೊರಳದ ಕೋಳಿಯನ್ನು ದಿನವೂ ನೋಡಲು ನನ್ನಿಂದಾಗಲಿಲ್ಲ, ಕೊಟ್ಟುಬಿಟ್ಟೆವು.

ಮಾರಾಟದಲ್ಲಿ ಊರಕೋಳಿಗೆ ಸಾಟಿಯಿಲ್ಲ. ಪೆರ್ಲದಲ್ಲಿ ಅದರ ಮೊಟ್ಟೆಗೆ ಅಂಗಡಿಯ ಬಿಳಿ ಮೊಟ್ಟೆಗಿಂತ ಸುಮಾರು ಎರಡು ಪಾಲು ಬೆಲೆ. ಕೋಲದ ಕಾಲದಲ್ಲಿ ದೈವದ ಹರಕೆಗೆ ಕೆಂಪು ಹುಂಜ ಹುಡುಕಿಕೊಂಡು ಬರುವವರು ಊರಿನದನ್ನೇ ಕೇಳುತ್ತಾರೆ. ಕೋಳಿ ಅಂಕಕ್ಕೆಂದು, ಅಂದರೆ ಕಾಳಗಕ್ಕೆಂದು, ಕೇಳಿ ಬಂದವರಿಗೆ ಎಷ್ಟು ಕೊಟ್ಟರೂ ಕೊಡುವುದಿಲ್ಲ. ಕಾಲಿಗೆ ಕತ್ತಿ ಕಟ್ಟಿಸಿಕೊಳ್ಳಲು ನಾನು ಅದನ್ನು ಸಾಕಿದ್ದಲ್ಲ.

ಈಗ ನಮ್ಮ ಹಿತ್ತಿಲಲ್ಲಿ ಊರಕೋಳಿಯೇ ಬುನಾದಿ, ಮೊಟ್ಟೆಗೆ ಜೊತೆಯಲ್ಲಿ ಕೆಲವು ಗ್ರಾಮಶ್ರೀ, ಎಲ್ಲದಕ್ಕೂ ಒಂದೇ ಊರ ಹುಂಜ. ಗ್ರಾಮಶ್ರೀಯ ಮೊಟ್ಟೆಗಳನ್ನು ಊರ ಹೇಂಟೆಯ ಅಡಿಯಲ್ಲಿ ಇಡುತ್ತೇವೆ. ಆ ಮಿಶ್ರ ಮರಿಗಳು ತಾಯಿಯ ಹಿಂದೆ ತಿರುಗಿ ಅಡಗುವುದನ್ನು ಕಲಿಯುತ್ತವೆ, ಕೊಂಬೆಗೂ ಹಾರುತ್ತವೆ, ಊರಕೋಳಿಗಿಂತ ಹೆಚ್ಚು ಮೊಟ್ಟೆಯನ್ನೂ ಇಡುತ್ತವೆ. ನನ್ನ ಮೆಚ್ಚುಗೆ ಇವಕ್ಕೇ. ಹೊಸಬರು ಆರಂಭಿಸುವುದಾದರೆ ಮಳೆ ನಿಂತು ನೆಲ ಒಣಗಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಆರಂಭಿಸಲಿ. ಕೊಳ್ಳುವಾಗ ಬಣ್ಣ ನೋಡುವುದು ಬೇಡ, ಒಂದು ಸಲವಾದರೂ ಮರಿ ಎಬ್ಬಿಸಿ ದೊಡ್ಡದು ಮಾಡಿದ ಹೇಂಟೆಯನ್ನೇ ಕೇಳಬೇಕು. ಅಂಥದ್ದನ್ನು ಮಾರಲು ಯಾರೂ ಬೇಗನೆ ಒಪ್ಪುವುದಿಲ್ಲ. ಕೇಳಿದ್ದಕ್ಕಿಂತ ನೂರು ರೂಪಾಯಿ ಹೆಚ್ಚು ಕೊಟ್ಟಾದರೂ ತರಬೇಕು.