ಮೆಣಸಿನ ಕಸಿಗೆ ಹಿಪ್ಪಲಿ ಬೇರೋ, ಕಾಡು ಮೆಣಸಿನ ಬೇರೋ?

ಸೋಮವಾರಪೇಟೆ ಕಡೆ ನಮ್ಮ ತೋಟದಲ್ಲಿ ಸಿಲ್ವರ್ ಓಕಿಗೆ ಹಬ್ಬಿಸಿದ್ದ ಪಣಿಯೂರು-1 ತಳಿಯ ಕರಿಮೆಣಸಿನ ಬಳ್ಳಿಗಳು ಪ್ರತಿ ಮಳೆಗಾಲ ಸೊರಗು ರೋಗಕ್ಕೆ ಹೋಗ್ತಾನೇ ಇದ್ವು, ಜುಲೈಲಿ ಹಸಿರಾಗಿದ್ದದ್ದು ಆಗಸ್ಟ್ ಮುಗಿಯೋದ್ರೊಳಗೆ ಬರೀ ಕಡ್ಡಿ. ಸಾಕಾಗಿ 2017ರಲ್ಲಿ ಗದ್ದೆ ಬದಿಯ ತಗ್ಗಿನ ಬ್ಲಾಕಲ್ಲಿ ಹಿಪ್ಪಲಿ ಬೇರಿನ ಕಸಿ 30, ಕಾಡು ಮೆಣಸಿನ ಬೇರಿನ ಕಸಿ 30, ಜೊತೆಗೆ ಕಸಿ ಮಾಡದ ಮಾಮೂಲಿ ಕಟಿಂಗ್ 30 ನೆಟ್ಟೆ. ಮೇಲಿನ ಕುಡಿ ಎಲ್ಲಕ್ಕೂ ಪಣಿಯೂರೇ.

ಹಿಪ್ಪಲಿ ಅಂದ್ರೆ ಅಜ್ಜಿ ಕಷಾಯಕ್ಕೆ ಹಾಕೋದಲ್ಲ, ಇದು ದಕ್ಷಿಣ ಅಮೆರಿಕದ ಪೈಪರ್ ಕೊಲುಬ್ರಿನಮ್. ಜೌಗಲ್ಲೇ ಬೆಳೆಯೋ ಗಿಡ, ಸೊರಗು ತರೋ ಫೈಟೋಫ್ತೊರಾ ಅನ್ನೋ ರೋಗಾಣುನ ಇದರ ಬೇರು ತಡ್ಕೊಳ್ಳತ್ತೆ.

2018ರ ಆಗಸ್ಟ್ ಮಳೆ ಕೊಡಗಲ್ಲಿ ಯಾರೂ ಮರೆಯಲ್ಲ. ಆ ಬ್ಲಾಕಲ್ಲಿ ದಿನಗಟ್ಟಲೆ ನೀರು ನಿಂತು ಕಟಿಂಗಲ್ಲಿ 19 ಹೋಯ್ತು, ಕಾಡು ಮೆಣಸಲ್ಲಿ 11, ಹಿಪ್ಪಲೀಲಿ ಒಂದೇ ಒಂದು. ಆ ಒಂದನ್ನ ಕಿತ್ತು ನೋಡಿದ್ರೆ ಕಸಿ ಗಂಟಿನ ಮೇಲೆ ಮಣ್ಣು ಬಂದು ಕೂತಿದೆ, ಪಣಿಯೂರು ತಾನೇ ಬೇರು ಬಿಟ್ಕೊಂಡಿದೆ, ರೋಗ ಆ ದಾರೀಲೇ ಒಳಗೆ ಹೋಗಿದೆ. ಅಲ್ಲಿಂದ ಗಂಟು ನೆಲದಿಂದ ಒಂದು ಗೇಣು ಮೇಲಿರೋ ಹಾಗೆ ನೆಡ್ತೀನಿ, ಬುಡಕ್ಕೆ ಮಣ್ಣು ಏರಿಸೋಕೆ ಬಂದ ಆಳುಗಳಿಗೂ ಹೇಳಿಟ್ಟಿದೀನಿ.

ಗೆದ್ದೆ ಅಂದ್ಕೊಂಡೆ ನೋಡಿ, ಮುಂದಿನ ಮಾರ್ಚಲ್ಲಿ ಅದೇ ಹಿಪ್ಪಲಿ ಕಸಿಗಳ ಎಲೆ ಜೋತು ಬಿದ್ವು. ಈ ಗಿಡಕ್ಕೆ ಬೇಸಿಗೆ ಒಣಗು ಆಗಿಬರಲ್ಲ, ಸ್ಪ್ರಿಂಕ್ಲರ್ ತಿರುಗಿಸಿದ್ಮೇಲೇ ಚೇತರಿಸಿಕೊಂಡಿದ್ದು, ಪಕ್ಕದಲ್ಲಿದ್ದ ಕಾಡು ಮೆಣಸಿನವು ಮಾತ್ರ ಏನೂ ಆಗದವರ ಹಾಗೆ ನಿಂತಿದ್ವು. ನಂಗೆ ಜಾಸ್ತಿ ಬೇಜಾರಾಗಿದ್ದು ಅದಲ್ಲ, ಐದನೇ ವರ್ಷ ಹಿಪ್ಪಲಿ ಗಂಟುಗಳು ಊದಿ ಬಿರುಕು ಬಿಟ್ಟು, ಕಾಳು ತುಂಬಿಕೊಂಡಿದ್ದ ಆರು ಬಳ್ಳಿ ಅಲ್ಲೇ ಮುರಿದು ಹೋಯ್ತು. ಎರಡೂ ಬೇರೆ ಬೇರೆ ಜಾತಿ, ಕಾಂಡ ಒಂದೇ ಲೆಕ್ಕಕ್ಕೆ ದಪ್ಪ ಆಗಲ್ಲ. ಕಾಡು ಮೆಣಸು ಅಂದ್ರೆ ಮೆಣಸೇ ತಾನೆ, ಗಂಟು ಎಲ್ಲಿದೆ ಅಂತ ಈಗ ಹುಡುಕಬೇಕು. ಆದ್ರೆ ಅದನ್ನ ಬೀಜದಿಂದ ಎಬ್ಬಿಸೋದ್ರಿಂದ ಒಂದು ಸಸಿ ಇದ್ದಂಗೆ ಇನ್ನೊಂದಿರಲ್ಲ, ಯಾವುದು ರೋಗಕ್ಕೆ ತಡೆಯತ್ತೆ ಅನ್ನೋದು ಲಾಟರಿ.

ನೀರು ನಿಲ್ಲೋ ತಗ್ಗು, ಬೇಸಿಗೇಲಿ ಕೆರೆ ನೀರೂ ಸಿಗತ್ತೆ ಅಂದ್ರೆ ನಾನು ಈಗ್ಲೂ ಹಿಪ್ಪಲೀನೇ ಹಾಕ್ತೀನಿ, ಏರಿನ ಮೇಲೆ ಕಾಡು ಮೆಣಸು. ಬರೀ ಕಟಿಂಗು ಆ ತಗ್ಗಿಗೆ ಬೇಡವೇ ಬೇಡ. ಮಳೆಗೆ ಮುಂಚೆ ಶೇ. 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯೋದನ್ನ ಮಾತ್ರ ಯಾವ ಬೇರಿಗೂ ಬಿಟ್ಟಿಲ್ಲ, ಎಲೆಗೆ ಬರೋ ರೋಗನ ಬೇರು ತಡೆಯಲ್ಲವಲ್ಲ.