ಕ್ರಿಟಾದಲ್ಲಿ ಕೈಯಾರೆ ಬಿಡಿಸಿದ ಮಿಂಚು, ಬೆಂಕಿ, ಹೊಗೆ: ಎರಡು ವರ್ಷಗಳ ಬಳಕೆಯ ನಂತರ

ವಿದ್ಯಾರ್ಥಿಗಳಾದ ನಾವು ತಯಾರಿಸುತ್ತಿದ್ದ ಕಿರುಚಿತ್ರವೊಂದಕ್ಕೆ ಮಿಂಚನ್ನೂ ಬೆಂಕಿಯನ್ನೂ ಕೈಯಿಂದಲೇ ಬಿಡಿಸಿ ಸೇರಿಸಬೇಕಾಗಿ ಬಂದಾಗ ನಾನು ಕ್ರಿಟಾವನ್ನು ಆರಿಸಿಕೊಂಡದ್ದಕ್ಕೆ, ಅದು ಉಚಿತವಾಗಿ ಸಿಗುತ್ತದೆ ಎಂಬುದರ ಹೊರತು ಬೇರೆ ಕಾರಣವಿರಲಿಲ್ಲ. ಎರಡು ವರ್ಷಗಳಲ್ಲಿ ಮೂರು ವಿಡಿಯೊಗಳನ್ನು ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಕ್ರಿಟಾ ಮೂಲತಃ ಚಿತ್ರ ಬಿಡಿಸುವ ತಂತ್ರಾಂಶ. ಅನಿಮೇಷನ್ ಸೌಲಭ್ಯ ಅದಕ್ಕೆ ಸೇರಿದ್ದು 2016ರ 3.0 ಆವೃತ್ತಿಯಲ್ಲಿ. ಅದರ ಬಲವೂ ಮಿತಿಯೂ ಈ ಹುಟ್ಟಿನಲ್ಲೇ ಇವೆ. ಹೊಗೆಯ ಒರಟು ಅಂಚಿಗಾಗಲಿ ಜ್ವಾಲೆಯ ಚೂಪು ತುದಿಗಾಗಲಿ ಒಪ್ಪುವ ಬ್ರಷ್ ಅದರಲ್ಲಿ ಸಿದ್ಧವಾಗಿಯೇ ಇರುತ್ತದೆ. ಆದರೆ ಅದು ಫ್ರೇಮ್‌ಗಳನ್ನು (ವಿಡಿಯೊದ ಒಂದೊಂದು ಸ್ಥಿರಚಿತ್ರವನ್ನೂ) ಕಂಪ್ಯೂಟರಿನ ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ಮಾಡುವುದರಿಂದ, ಹಿನ್ನೆಲೆಗೆಂದು ಉದ್ದನೆಯ ವಿಡಿಯೊ ತುಣುಕನ್ನು ತಂದರೆ ಭಾರ ಏರುತ್ತದೆ. 1920×1080 ಅಳತೆಯ ಒಂದು ಫ್ರೇಮ್ ಸುಮಾರು 8 ಎಂಬಿ ಹಿಡಿಯುತ್ತದೆ. ಸೆಕೆಂಡಿಗೆ 24ರಂತೆ ಹತ್ತು ಸೆಕೆಂಡಿನ ತುಣುಕಿಗೆ ಒಂದೇ ಪದರಕ್ಕೆ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆಯಂಥದ್ದು) ಸುಮಾರು 2 ಜಿಬಿ ಬೇಕು. ಆದ್ದರಿಂದ ನಾನು ಪರಿಣಾಮ ಕಾಣಿಸುವ ಒಂದೆರಡು ಸೆಕೆಂಡುಗಳನ್ನಷ್ಟೇ ಕತ್ತರಿಸಿ, ಕರಡು ಹಂತದಲ್ಲಿ 960×540ಕ್ಕೆ ಇಳಿಸಿಕೊಂಡು ತರುತ್ತೇನೆ. ಆಗ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ.

ಮೊದಲ ವಿಡಿಯೊದಲ್ಲಿ ನನ್ನ ಮಿಂಚು ಸಿಡಿಲಿನ ಸದ್ದಿಗಿಂತಲೂ ತಡವಾಗಿ ಹೊಡೆಯುತ್ತಿತ್ತು. ತಪ್ಪು ನನ್ನದೇ. ಮೊಬೈಲಿನಲ್ಲಿ ಚಿತ್ರೀಕರಿಸಿದ ತುಣುಕಿನ ಫ್ರೇಮ್ ವೇಗ ಒಂದೇ ಸಮನಾಗಿರಲಿಲ್ಲ; ಅದನ್ನು ಸ್ಥಿರವಾದ 24ಕ್ಕೆ ಪರಿವರ್ತಿಸದೆ ನೇರವಾಗಿ ಅದರ ಮೇಲೆ ಬಿಡಿಸಲು ಕುಳಿತಿದ್ದೆ.

ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್ ಇಲ್ಲದಿದ್ದರೆ ನಾನು ಏನನ್ನೂ ಕಲಿಯುತ್ತಿರಲಿಲ್ಲ. ಆದರೂ ಅದನ್ನು ಅತಿಯಾಗಿ ನಂಬಿದ್ದರಿಂದಲೇ ನನ್ನ ಮೊದಲ ಮಿಂಚು ಹಾಳಾಯಿತು: ಪ್ರತಿ ಫ್ರೇಮಿನಲ್ಲೂ ಹಿಂದಿನ ಗೆರೆಯನ್ನು ಸ್ವಲ್ಪ ಸ್ವಲ್ಪ ಬೆಳೆಸುತ್ತಾ ಹೋದೆ, ಓಡಿಸಿ ನೋಡಿದರೆ ಆಕಾಶದಿಂದ ಮರದ ಬೇರು ಇಳಿಯುತ್ತಿರುವಂತೆ ಕಾಣುತ್ತಿತ್ತು. ಈಗ ಇಡೀ ಮಿಂಚನ್ನು ಒಂದೇ ಫ್ರೇಮಿನಲ್ಲಿ ಮೂಡಿಸಿ, ಎರಡನೆಯದರಲ್ಲಿ ಕವಲುಗಳನ್ನು ಬದಲಿಸಿ, ಮೂರನೆಯದರಲ್ಲಿ ತುಂಡು ತುಂಡಾಗಿಸಿ ಅಳಿಸಿಬಿಡುತ್ತೇನೆ. ಮೊದಲ ಎರಡು ಫ್ರೇಮ್‌ಗಳಲ್ಲಿ ನಟನ ಮುಖದ ಒಂದು ಬದಿಗೆ ಬೇರೊಂದು ಪದರದಲ್ಲಿ ಬೆಳಕು ಹಚ್ಚದಿದ್ದರೆ, ಮಿಂಚು ಎಷ್ಟು ಚೆನ್ನಾಗಿದ್ದರೂ ಗಾಜಿನ ಮೇಲೆ ಅಂಟಿಸಿದ ಕಾಗದದಂತೆ ತೋರುತ್ತದೆ.

ಹೊಗೆ ಇನ್ನೂ ಹಟಮಾರಿ. ಅದನ್ನು ಕುಗ್ಗಿಸುತ್ತಾ ಮಸುಕಾಗಿಸಿದರೆ ಗಾಳಿ ಹೋದ ಬಲೂನಾಗುತ್ತದೆ. ಹೊಗೆಯ ಮೋಡದ ಒಳಗಿನಿಂದ ರಂಧ್ರಗಳು ಹುಟ್ಟಿ, ಅವು ದೊಡ್ಡದಾಗುತ್ತಾ ಅಂಚನ್ನು ತಿಂದು, ಉಳಿದ ಎಳೆಗಳು ನಿಧಾನವಾಗಿ ಕರಗಬೇಕು. ಬೆಂಕಿಗೆ ಎಂಟು ಚಿತ್ರಗಳ ಸುತ್ತು ಸಾಕಾಯಿತು. ಒಂದೊಂದನ್ನೂ ಎರಡು ಫ್ರೇಮ್ ನಿಲ್ಲಿಸಿದರೆ ಸುತ್ತು ಮುಗಿಯಲು ಮೂರನೇ ಎರಡು ಸೆಕೆಂಡು ಹಿಡಿಯುತ್ತದೆ. ಬುಡ ನಿಂತಲ್ಲೇ ಇದ್ದು, ತುದಿಗಳು ಮಾತ್ರ ಬಳುಕುತ್ತಾ ಮೇಲೇರಿ ಕಳಚಿಕೊಳ್ಳುವಂತೆ ನೋಡಿಕೊಂಡರೆ ಪುನರಾವರ್ತನೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ಮುಗಿದ ಕೆಲಸವನ್ನು ಹಿನ್ನೆಲೆಯ ಪದರ ಮರೆಮಾಡಿ ಪಾರದರ್ಶಕ ಪಿಎನ್‌ಜಿ ಚಿತ್ರಗಳ ಸರಣಿಯಾಗಿಯೇ ಹೊರತೆಗೆಯಬೇಕು; ಸಾಮಾನ್ಯ ಎಂಪಿ4 ಕಡತದಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ. ಸಂಕಲನದ ತಂತ್ರಾಂಶದಲ್ಲಿ ಆ ಸರಣಿಯ ವೇಗವನ್ನೂ 24 ಎಂದು ನಿಗದಿಪಡಿಸಿ, ಮಿಂಚು ಮತ್ತು ಬೆಂಕಿಯನ್ನು ಕೆಳಗಿನ ದೃಶ್ಯವನ್ನು ಬೆಳಗಿಸುವುದಷ್ಟೇ ಮಾಡುವ ಸ್ಕ್ರೀನ್ ವಿಧಾನದಲ್ಲಿ ಬೆರೆಸುತ್ತೇನೆ. ಹೊಗೆಗೆ ಆ ವಿಧಾನ ಸಲ್ಲದು, ಕಪ್ಪು ಹೊಗೆ ಕಾಣದೇ ಹೋಗುತ್ತದೆ. ವಿಡಿಯೊ ರೂಪದಲ್ಲಿ ಹೊರತೆಗೆಯಲು ಬೇಕಾದ, ವಿಡಿಯೊ ಕಡತಗಳನ್ನು ಪರಿವರ್ತಿಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್ ಅನ್ನು ಹಿಂದೆ ಪ್ರತ್ಯೇಕವಾಗಿ ಜೋಡಿಸಬೇಕಿತ್ತು, 2023ರ 5.2 ಆವೃತ್ತಿಯಿಂದ ಅದು ಕ್ರಿಟಾದ ಜೊತೆಗೇ ಬರುತ್ತದೆ.

ಚಲಿಸುವ ಕ್ಯಾಮೆರಾದ ದೃಶ್ಯಗಳಿಗೆ ಮಾತ್ರ ನಾನು ಕ್ರಿಟಾವನ್ನು ಶಿಫಾರಸು ಮಾಡಲಾರೆ. ದೃಶ್ಯದ ಚಲನೆಯನ್ನು ಹಿಂಬಾಲಿಸುವ ಸಾಧನ ಇದರಲ್ಲಿಲ್ಲ, ಮೂರು ಆಯಾಮದ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನಲ್ಲಿದೆ. ಮೂರನೆಯ ವಿಡಿಯೊದಲ್ಲಿ ಕೈಯಲ್ಲಿ ಹಿಡಿದು ತೆಗೆದ ದೃಶ್ಯದ ಮೇಲೆ ಮೂರು ಸಂಜೆ ಬೆಂಕಿಯನ್ನು ಫ್ರೇಮಿನಿಂದ ಫ್ರೇಮಿಗೆ ಸರಿಸಿ ಸೋತ ಮೇಲೆ, ಟ್ರೈಪಾಡ್ ಇಟ್ಟು ಆ ದೃಶ್ಯವನ್ನೇ ಮತ್ತೊಮ್ಮೆ ಚಿತ್ರೀಕರಿಸಿದೆವು.